ಕೂಗದ ಮೈಕು

ಅರಸೀಕೆರೆಯ ಕಡೆ ಮದುವೆ ಗೊತ್ತಾದರೆ ಜನ ಮೊದಲು ಛತ್ರಕ್ಕೆ ಓಡುತ್ತಾರೆ, ಆಮೇಲೆ ಅಡುಗೆಯವರ ಹತ್ತಿರ, ಆಮೇಲೆ ಪುರೋಹಿತರ ಹತ್ತಿರ. ಸ್ವಲ್ಪ ತಿಳಿದವರು ಮಾತ್ರ ಇವೆಲ್ಲಕ್ಕೂ ಮೊದಲು ಸ್ಟೇಷನ್ ರಸ್ತೆಯ ಒಂದು ಸಣ್ಣ ಅಂಗಡಿಗೆ ಹೋಗಿ ದಿನ ಹೇಳಿ ಬರುತ್ತಿದ್ದರು. ಅದು ಮೈಕ್‌ಸೆಟ್ ಅಂಗಡಿ. ಅದರ ಮಾಲೀಕರನ್ನು ಊರೆಲ್ಲ ಮೈಕಣ್ಣ ಎನ್ನುತ್ತಿತ್ತು. ಅವರಿಗೊಂದು ಸೊಗಸಾದ ಹೆಸರಿತ್ತು, ಆದರೆ ಅದು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕೆಲಸ ಮಾಡಲಿಲ್ಲ. ಇಲ್ಲಿಯೂ ಅದನ್ನು ಬರೆಯುವುದಿಲ್ಲ. ಹೋದ ತಿಂಗಳು ಅವರು ತೀರಿಕೊಂಡರು.

ಅವರ ಮೈಕು ಕೂಗುತ್ತಿರಲಿಲ್ಲ. ಸಭೆಯಲ್ಲಿ ಯಾರೋ ಗಣ್ಯರು ಎದ್ದು ನಿಂತು ಗಂಟಲು ಸರಿಮಾಡಿಕೊಂಡ ತಕ್ಷಣ ಸ್ಪೀಕರು ಕಿವಿ ಸೀಳುವ ಹಾಗೆ ಕುಂಯ್ ಎನ್ನುತ್ತದಲ್ಲ, ಅದನ್ನು ಅವರು ‘ಕೂಗು’ ಎನ್ನುತ್ತಿದ್ದರು. ಎಲ್ಲರ ಸೆಟ್ಟೂ ಕೂಗುತ್ತದೆ. ಅವರದು ಮಾತ್ರ ನಲವತ್ತು ವರ್ಷ ಕೂಗಲಿಲ್ಲ. ಈ ಊರಿನಲ್ಲಿ ಅಷ್ಟು ವರ್ಷ ಒಂದೇ ಸಮನೆ ಸರಿಯಾಗಿದ್ದ ವಸ್ತು ಇನ್ನೊಂದು ನನಗೆ ಗೊತ್ತಿಲ್ಲ.

ಒಂದು ಸಲ ಕೂಗಿತು. ಕೂಗಿಸಿದವಳು ನಾನು. ಅದನ್ನು ಹೇಳದೆ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಮುಗಿಸಿದರೆ ಮೋಸವಾಗುತ್ತದೆ.

ನಾನು ಹಳೇಬೀಡಿನವಳು. ಅರಸೀಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಕಿಟಕಿಯ ಈಚೆ ನಾನು, ಆಚೆ ಸಾಲು. ದಿನಕ್ಕೆ ಎಷ್ಟು ಸಲ ‘ನಾಳೆ ಬನ್ನಿ’ ಎನ್ನುತ್ತೇನೆಂದು ಎಣಿಸಲು ಹೋಗಿಲ್ಲ, ಎಣಿಸಿದರೆ ರಾತ್ರಿ ಊಟ ಸೇರುವುದಿಲ್ಲ. ಮನೆಯಲ್ಲಿ ಭಜನೆ, ದೇವರನಾಮ ಎಲ್ಲ ಇತ್ತು. ನನ್ನ ಗಂಟಲಿನಿಂದ ಮಾತ್ರ ಬೇರೇನೋ ಹೊರಡಬೇಕೆನ್ನುತ್ತಿತ್ತು. ಹಾಗಾಗಿ ನಾವು ಮೂರು ಜನ ಸೇರಿ ಒಂದು ಪಂಕ್ ತಂಡ ಕಟ್ಟಿದೆವು.

ಪಂಕ್ ಎಂದರೇನೆಂದು ಕೇಳಿದವರಿಗೆ ನಾನು ಹೇಳುವುದಿಷ್ಟು: ಗಿಟಾರಿನಲ್ಲಿ ಬೆರಳು ಹಿಡಿಯುವ ಮೂರು ಪಟ್ಟು ಬಂದರೆ ಸಾಕು, ಹೊಟ್ಟೆಯಲ್ಲಿ ಕೋಪ ಇದ್ದರೆ ಸಾಕು, ಯಾರ ಅಪ್ಪಣೆಯೂ ಬೇಡ. ಅದರಲ್ಲೇ ಹಾರ್ಡ್‌ಕೋರ್ ಎನ್ನುವುದು ಇನ್ನೂ ಅವಸರದ ಬಗೆ, ಹಾಡು ಒಂದು ನಿಮಿಷ ದಾಟಿದರೆ ಉದ್ದವಾಯಿತು ಎನ್ನುತ್ತಾರೆ. ನಮ್ಮದು ಅದೇ. ಆದರೆ ನಮ್ಮ ಲೋಕಿಯ ದೆಸೆಯಿಂದ ಅದರೊಳಗೆ ರಾಕಬಿಲಿ ಬಂದು ಕುಳಿತುಕೊಂಡಿತು. ರಾಕಬಿಲಿ ಅಮೆರಿಕದ ಹಳ್ಳಿಗಾಡಿನ ಹಳೆಯ ಕುಣಿತದ ಹಾಡು. ಅದರಲ್ಲಿ ಆಳೆತ್ತರದ ಒಂದು ಪಿಟೀಲನ್ನು ನೆಲಕ್ಕೆ ನಿಲ್ಲಿಸಿಕೊಂಡು, ದಪ್ಪ ತಂತಿಯನ್ನು ಎಳೆದು ಬಿಟ್ಟು, ಅಂಗೈಯಿಂದ ಹಲಗೆಗೆ ಬಡಿಯುತ್ತಾರೆ. ಕೇಳುವವರ ಕಾಲು ತಾನಾಗಿ ಎದ್ದೇಳುತ್ತದೆ.

ಲೋಕಿ ಗೆಂಡೆಹಳ್ಳಿಯವನು. ರಾಗಿ, ಶುಂಠಿ ಬೆಳೆಯುವ ಮನೆ. ಮೈಸೂರಿನಲ್ಲಿ ಓದುವಾಗ, ಮುಚ್ಚಿಹೋದ ಹೋಟೆಲೊಂದರ ವಾದ್ಯದವರಿಂದ ಆ ದೊಡ್ಡ ಪಿಟೀಲನ್ನು ತೆಗೆದುಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಅರಸೀಕೆರೆಗೆ ತಂದ. ಬೆಡ್‌ಶೀಟ್ ಸುತ್ತಿ ಪಕ್ಕದಲ್ಲಿ ಕೂರಿಸಿಕೊಂಡಿದ್ದನಂತೆ. ಟಿಕೆಟ್ ನೋಡುವವರು ಬಂದು “ಇವರ್ದು ಟಿಕೆಟ್?” ಎಂದರೆ, “ನಮ್ ಭಾವ ಸಾರ್, ಹುಷಾರಿಲ್ಲ” ಎಂದನಂತೆ. ಅವನ ಮಾತನ್ನು ಅರ್ಧ ನಂಬಬೇಕು. ಗಿಟಾರೂ ಹಾಡೂ ನನ್ನದು. ಡ್ರಮ್ ಬಾರಿಸುವವನು ಗಿರೀಶ. ಅವನ ತಂದೆಯದು ಕೊಬ್ಬರಿ ವ್ಯಾಪಾರ, ಆ ಗೋಡೌನಿನಲ್ಲೇ ನಮ್ಮ ಅಭ್ಯಾಸ.

ಹನ್ನೊಂದು ಹಾಡು ಸೇರಿದ ಮೇಲೆ ಒಂದು ಆಲ್ಬಮ್ ಮಾಡಬೇಕೆಂದು ತಲೆಗೆ ಹೊಕ್ಕಿತು. ಬೆಂಗಳೂರಿನ ಸ್ಟುಡಿಯೋಗಳ ಬಗ್ಗೆ ವಿಚಾರಿಸಿದೆವು. ಅಲ್ಲಿ ಒಂದೊಂದು ವಾದ್ಯವನ್ನೂ ಬೇರೆ ಬೇರೆ ಕೂರಿಸಿ, ತಪ್ಪನ್ನೆಲ್ಲ ಇಸ್ತ್ರಿ ಮಾಡಿ ಕೊಡುತ್ತಾರಂತೆ. ನಮಗೆ ಇಸ್ತ್ರಿ ಬೇಡವಾಗಿತ್ತು. ಆಗ ಮೈಕಣ್ಣನ ಅಂಗಡಿಗೆ ಹೋದೆ. ಬೇರೆಯವರು ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸುವಂತೆ ಅವರು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಕುಳಿತಿದ್ದರು.

“ಏನ್ ಪ್ರೋಗ್ರಾಮು ಮೇಡಂ? ನಾಮಕರಣಾನಾ, ಸೀಮಂತಾನಾ?”

“ಎರಡೂ ಅಲ್ಲ. ಹಾಡು ರೆಕಾರ್ಡ್ ಮಾಡ್ಬೇಕು.”

“ಭಾವಗೀತೇನಾ?”

“ಅಲ್ಲ, ಕಿರುಚೋದು.”

“ಯಾರ್ ಮೇಲೆ?” ಎಂದರು. ತಮಾಷೆಗಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದರು.

ಮಾರನೆಯ ಭಾನುವಾರ ಗೋಡೌನಿಗೆ ಬಂದರು. ನಾವು ಕುರ್ಚಿ ಹಾಕಿದ್ದೆವು. ಅದನ್ನು ಬಿಟ್ಟು ದೂರದ ಗೋಡೆಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತರು. ಅದು ಅವರ ಪದ್ಧತಿ ಎಂದು ಆಮೇಲೆ ತಿಳಿಯಿತು. ಯಾವ ಛತ್ರವಾದರೂ ಸರಿ, ಮೈಕು ಕಟ್ಟಿದ ಮೇಲೆ ಕೊನೆಯ ಸಾಲಿನ ಹಿಂದೆ ಹೋಗಿ ಕುಳಿತು ಕೇಳುತ್ತಿದ್ದರು. ಮುಂದಿನ ಸಾಲಿನವರಿಗೆ ಮೈಕು ಯಾಕೆ ಬೇಕು, ಮೈಕು ಇರುವುದೇ ಹಿಂದಿನವರಿಗೆ ಎನ್ನುತ್ತಿದ್ದರು. ಮೂರು ಹಾಡು ಕೇಳಿ ಎದ್ದು ಬಂದರು.

“ಜಗಳ ಚೆನ್ನಾಗೈತೆ. ಆದ್ರೆ ಏನ್ ಬೈತಿದೀಯ ಅಂತ ಒಂದಕ್ಷರ ತಿಳೀಲಿಲ್ಲ. ಬೈಸ್ಕೊಂಡೋರ್ಗೇ ಬೈದಿದ್ದು ಗೊತ್ತಾಗ್ದೆ ಹೋದ್ರೆ ಏನ್ ಬಂತು ತಾಯಿ?”

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ನಮ್ಮ ಸಂಗೀತದ ಗಂಧ ಗಾಳಿ ಇಲ್ಲದವರು ಅದರ ಒಂದೇ ಒಂದು ದೊಡ್ಡ ತಪ್ಪನ್ನು ನಾಲ್ಕು ನಿಮಿಷದಲ್ಲಿ ಹಿಡಿದಿದ್ದರು. ಗಿರೀಶನಿಗೆ “ನೀನು ಯಾರೋ ಅಟ್ಟಿಸ್ಕೊಂಡು ಬರೋ ಹಂಗೆ ಬಾರಿಸ್ತೀಯ, ಬಾರ್ಸು, ಆದ್ರೆ ಉಸ್ರು ತಗೋ” ಎಂದರು. ಲೋಕಿಯ ಪಿಟೀಲಿನ ಹೊಟ್ಟೆಯನ್ನು ಎರಡು ಸಲ ತಟ್ಟಿ ನೋಡಿದರು. “ಈ ಗುಡಾಣ ಒಂದೇ ಕಣ್ರಪ್ಪ ನಿಮ್ಮಲ್ಲಿ ಮರ್ಯಾದಸ್ಥ. ತೂಕವಾಗಿ ಮಾತಾಡ್ತೈತೆ.” ಲೋಕಿ ಆವತ್ತಿಡೀ ಬೀಗಿಕೊಂಡೇ ಇದ್ದ.

ಒಪ್ಪಿಕೊಂಡರು, ಮೂರು ಷರತ್ತಿನ ಮೇಲೆ. ಪದ ಕೇಳಿಸಬೇಕು. ಒಂದು ಹಾಡು ಒಂದೇ ಸಲ, ಎರಡನೇ ಸಲ ಇಲ್ಲ. “ತಾಳಿ ಎರಡು ಸಲ ಕಟ್ಟಕಾಗ್ತೈತಾ? ಆ ಹೊತ್ತಿಗೆ ಏನಾಯ್ತೋ ಅದೇ” ಎನ್ನುವುದು ಅವರ ವಾದ. ಮೂರನೆಯದನ್ನು ಅವರು ಷರತ್ತು ಎಂದು ಹೇಳಲೂ ಇಲ್ಲ, ಹೊರಡುವಾಗ ಬಾಗಿಲ ಹತ್ತಿರ ನಿಂತು ಅಂದರು, “ಕೂಗೋದು ಮಾತ್ರ ನನ್ ಸೆಟ್ಟಲ್ಲಿ ಇಲ್ಲ.”

ಆಮೇಲೆ ಒಂದೆರಡು ತಿಂಗಳು ಅವರ ಅಂಗಡಿಗೆ ನನ್ನ ಓಡಾಟ ಜಾಸ್ತಿಯಾಯಿತು. ಮೈಕಿನ ಮುಂದೆ ಹೇಗೆ ನಿಲ್ಲಬೇಕು, ಕಿರುಚುವಾಗ ಎಷ್ಟು ದೂರ ಸರಿಯಬೇಕು, ಉಸಿರನ್ನು ಎಲ್ಲಿ ಬಿಡಬೇಕು, ಎಲ್ಲ ಕಲಿಸಿದರು. ಕಲಿಸುತ್ತೇನೆಂದು ಹೇಳದೆ ಕಲಿಸುವವರು ಅವರು. “ಮೈಕನ್ನ ಹಿಂಗೆ ನುಂಗೋ ಹಂಗೆ ಹಿಡೀಬ್ಯಾಡ, ಅದೇನು ಸೌತೆಕಾಯಾ?” ಎನ್ನುತ್ತಿದ್ದರು. ಮದುವೆಮನೆಯಲ್ಲಿ ಎಷ್ಟು ಬಲವಂತ ಮಾಡಿದರೂ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಎಲೆಯನ್ನು ಆಂಪ್ಲಿಫೈಯರಿನ ಪಕ್ಕಕ್ಕೇ ತರಿಸಿಕೊಂಡು, ಒಂದು ಕಣ್ಣು ಗುಂಡಿಗಳ ಮೇಲಿಟ್ಟು ಉಣ್ಣುತ್ತಿದ್ದರು. ಹೆಂಡತಿ ಒಂದು ದಿನ ನನ್ನ ಮುಂದೆಯೇ “ನನ್ ಮುಖಾನ ಇವ್ರು ಇಷ್ಟೊತ್ತು ಯಾವತ್ತೂ ನೋಡಿಲ್ಲ ಕಣಮ್ಮ” ಎಂದು ದೂರಿದರು. ಅವರು “ನೀನೆಲ್ಲಿ ಕೂಗ್ತೀಯ, ನಿನ್ ಯಾಕೆ ನೋಡ್ಲಿ” ಎಂದುಬಿಟ್ಟರು. ಹೊಗಳಿದ್ದೋ ಬೈದದ್ದೋ ಆಕೆಗೂ ತಿಳಿಯಲಿಲ್ಲ.

ಎಲ್ಲರೂ ಮೈಕು ಕಟ್ಟಿ ‘ಹಲೋ ಹಲೋ’ ಎಂದರೆ, ಅವರು ಮೂರು ಊರಿನ ಹೆಸರು ಹೇಳುತ್ತಿದ್ದರು: ಬಾಣಾವರ, ತಿಪಟೂರು, ಹಾಸನ. ಬಾಣಾವರದಲ್ಲಿ ತಗ್ಗು ದನಿ ತಿಳಿಯುತ್ತದೆ, ತಿಪಟೂರಿನ ಪಕಾರದಲ್ಲಿ ತುಟಿಯ ಗಾಳಿ ತಿಳಿಯುತ್ತದೆ, ಹಾಸನದ ಸಕಾರದಲ್ಲಿ ಮೇಲಿನ ಸಣ್ಣ ದನಿ ತಿಳಿಯುತ್ತದೆ. ಮೂರೂ ಊರು ಸರಿಯಾಗಿ ಬಂದರೆ ಸೆಟ್ಟು ಸರಿಯಾಗಿದೆ ಎಂದರ್ಥ. ನಮ್ಮ ಜಂಕ್ಷನ್ನಿನ ಮೂರು ದಿಕ್ಕನ್ನೂ ಅವರು ಹೀಗೆ ಕೆಲಸಕ್ಕೆ ಹಚ್ಚಿದ್ದರು.

ಒಂದು ಮಧ್ಯಾಹ್ನ ಹೊಸ ಸ್ಪೀಕರಿಗೆ ಮೈಕು ಜೋಡಿಸಿ, ‘ಊರು ಹೇಳು’ ಎಂದು ನನ್ನ ಕೈಗೆ ಕೊಟ್ಟರು. ಮೂರೂ ಊರು ಹೇಳಿದೆ. ‘ಹಾಸನ ಇನ್ನೊಂದ್ಸಲ’ ಎಂದರು. ಹೇಳಿದೆ. ಇನ್ನೊಂದು ಸಲ ಎಂದರು. ಆರೇಳು ಸಲ ಆದ ಮೇಲೆ ಸೆಟ್ಟು ಆರಿಸಿ, ಅಂಗಡಿಯ ಶಟರನ್ನು ಅರ್ಧ ಎಳೆದರು.

“ಬಾಣಾವರ ಐತೆ. ತಿಪಟೂರು ಐತೆ. ಹಾಸನ ಹೋಯ್ತು ಕಣಮ್ಮ.”

ಎರಡು ವರ್ಷದಿಂದ ಹೀಗಂತೆ. ಹಾರ್ನಿನ ಪಕ್ಕದಲ್ಲೇ ಜೀವಮಾನ ಕಳೆದದ್ದಕ್ಕೆ, ಮೇಲಿನ ಸಣ್ಣ ದನಿಗಳು ಒಂದೊಂದಾಗಿ ಬಿಟ್ಟು ಹೋಗಿವೆ ಎಂದು ಡಾಕ್ಟರು ಹೇಳಿದ್ದರಂತೆ. ಮಾತು ಹೇಗೋ ತಿಳಿಯುತ್ತದೆ, ಕೂಗು ಕೇಳುವುದಿಲ್ಲ. ಕಿವಿಗೆ ಒಂದು ಮೆಷಿನ್ ಹಾಕಿಸಿಕೊಂಡಿದ್ದರು. ಅದೇ ಕೂಗುತ್ತದೆಂದು ಹೆಂಡತಿ ಹೇಳಿದ ಮೇಲೆ ತೆಗೆದು ಡಬ್ಬಿಗೆ ಹಾಕಿಟ್ಟರು. ಪರಿಚಯದ ಛತ್ರಗಳಲ್ಲಿ ಗುಂಡಿಯ ಅಳತೆ ಬಾಯಿಪಾಠ. ಹೊಸ ಜಾಗವಾದರೆ ಮುಂದಿನ ಸಾಲಿನವರ ಮುಖ ನೋಡುವುದು, ಯಾರಾದರೂ ಹುಬ್ಬು ಗಂಟಿಕ್ಕಿದರೆ ಇಳಿಸುವುದು.

“ಕೂಗದ ಮೈಕು ಅಂತ ಕರೀತಾರೆ. ಕೂಗಿದ್ದೇ ತಿಳೀದೋನು ಅಂತ ಗೊತ್ತಾದ್ರೆ ಯಾರ್ ಕರೀತಾರೆ? ಬೇರೆ ಕೆಲ್ಸ ನಂಗೆ ಬರಲ್ಲ. ಯಾರ್ಗೂ ಹೇಳ್ಬ್ಯಾಡ. ನಂಗೆ ಮಾತ್ರ ಹೇಳು. ಕೂಗಿದ್ರೆ ಕೂಗ್ತು ಅನ್ನು, ಅಷ್ಟೇ.”

ಹೂಂ ಎಂದೆ. ಆಮೇಲೆ ನಾಲ್ಕೈದು ಮದುವೆಗಳಿಗೆ ಅವರ ಜೊತೆ ಹೋದೆ. ಯಾರ ಕಡೆಯವಳೆಂದು ಗಂಡಿನವರಿಗೂ ಗೊತ್ತಿಲ್ಲ, ಹೆಣ್ಣಿನವರಿಗೂ ಗೊತ್ತಿಲ್ಲ. ಕೊನೆಯ ಸಾಲಿನಲ್ಲಿ ನಿಂತು ಕೇಳಿ, ಅವರ ಹತ್ತಿರ ಬಂದು ಹೇಳುತ್ತಿದ್ದೆ. ತಮ್ಮ ಹೆಸರನ್ನು ಅವರು ನನ್ನ ಕೈಯಲ್ಲಿ ಕೊಟ್ಟಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದು ಬೇರೆ.

ರೆಕಾರ್ಡಿಂಗ್ ದಿನ ಅವರು ತಮ್ಮ ಹಳೆಯ ಸ್ಪೂಲ್ ಯಂತ್ರ ತಂದರು. ಹಿಂದೆ ಹರಿಕಥೆ, ಕಂಪನಿ ನಾಟಕ ಹಿಡಿದಿದ್ದ ಯಂತ್ರ, ನಿಧಾನ ಮತ್ತು ಜೋರು ಎಂದು ಎರಡು ವೇಗ. ಟೇಪು ಉಳಿದಿದ್ದದ್ದು ಒಂದೇ ಸುರುಳಿ. ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದೆವು. ಗೋಡೌನಿನ ಅಟ್ಟದ ಮೇಲೆ ಗಿರೀಶನ ತಂದೆ ಕೊಬ್ಬರಿಯಾಗಲೆಂದು ತೆಂಗಿನಕಾಯಿ ಹರಡಿದ್ದರು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡ ಕಾಯಿಗಳು. ಲೋಕಿ ತಂತಿ ಬಡಿದಾಗಲೆಲ್ಲ ಅಟ್ಟದ ಮೇಲೆ ಸಾವಿರಾರು ಕಾಯಿ ಒಟ್ಟಿಗೆ ಗಡಗಡ ಎನ್ನುತ್ತಿದ್ದವು. ಬಟ್ಟೆ ಹೊದಿಸೋಣವೇ ಎಂದು ಗಿರೀಶ ಕೇಳಿದ. “ಬ್ಯಾಡ, ಇರ್ಲಿ. ಅವೂ ಇದೇ ಊರ್ನವು” ಎಂದರು ಮೈಕಣ್ಣ. ಗಿರೀಶನ ತಂದೆ ಮಧ್ಯೆ ಒಮ್ಮೆ ಇಣುಕಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, “ನಿಮ್ ಗಲಾಟೆಗೆ ನನ್ ಕಾಯಿ ಮುಂಚೇನೇ ಕೊಬ್ರಿ ಆಗ್ತಾವೆ ಬಿಡ್ರಪ್ಪ” ಎಂದು ಹೋದರು.

ಹತ್ತು ಹಾಡು ಅವರು ಹೇಳಿದ ಹಾಗೆ ಒಂದೊಂದೇ ಸಲಕ್ಕೆ ಮುಗಿದವು. ಪ್ರತಿ ಪದವೂ ಕಲ್ಲಿನ ಮೇಲೆ ಕೊರೆದ ಹಾಗೆ ಬಂತು. ಕೊನೆಯದು ‘ನಾಳೆ ಬನ್ನಿ’. ಆಲ್ಬಮ್ಮಿಗೂ ಅದೇ ಹೆಸರು. ಕಿಟಕಿಯ ಆಚೆ ನಿಂತವರ ಹಾಡು ಅದು. ಪಿಂಚಣಿಯ ಕಾಗದ ಹಿಡಿದು ನಾಲ್ಕನೇ ಸಲ ಬಂದ ಮುದುಕರ ಹಾಡು. ಬೈಯುವವಳೂ ನಾನೇ, ಬೈಸಿಕೊಳ್ಳುವವಳೂ ನಾನೇ. ಕೊನೆಗೆ ಆ ಎರಡು ಮಾತನ್ನೇ ಮತ್ತೆ ಮತ್ತೆ ಕಿರುಚಿ ನಿಲ್ಲಿಸಿದಾಗ, ಸುಸ್ತಾಗಿ ಗಿಟಾರ್ ಸಮೇತ ಹಿಂದಿನ ಆಂಪ್ಲಿಫೈಯರಿನ ಕಡೆ ತಿರುಗಿದೆ. ಗಿಟಾರು ಕೂಗಲು ಶುರು ಮಾಡಿತು. ಮೊದಲು ಎಳೆಯಷ್ಟು ತೆಳ್ಳಗೆ, ಆಮೇಲೆ ಗೋಡೌನು ತುಂಬ. ಲೋಕಿ, ಗಿರೀಶ ಇಬ್ಬರೂ ಕೈ ಬಿಟ್ಟರು. ನಾನು ಅಲುಗಾಡಲಿಲ್ಲ. ಆ ಮುದುಕರು ಯಾವತ್ತೂ ನನ್ನ ಮುಂದೆ ಕೂಗಲಿಲ್ಲ, ಕಾಗದ ಮಡಿಸಿಕೊಂಡು ಸುಮ್ಮನೆ ಹೋದರು. ಅವರು ಕೂಗದೆ ಹೋದದ್ದು ಇದೇ ಎನ್ನಿಸಿತು. ಅರ್ಧ ನಿಮಿಷ ಬಿಟ್ಟು ನಿಲ್ಲಿಸಿದೆ.

ಮೈಕಣ್ಣ ಯಂತ್ರದ ಸೂಜಿಯನ್ನು ನೋಡುತ್ತಿದ್ದರು. ಟೇಪು ನಿಲ್ಲಿಸಿ ಕೇಳಿದರು, “ಸೂಜಿ ಮೇಲೇ ನಿಂತಿತ್ತು. ಏನಮ್ಮ ಅದು, ಕೂಗ್ತಾ?”

ಲೋಕಿ ಬಗ್ಗಿ ತಂತಿ ಒರೆಸತೊಡಗಿದ. ಗಿರೀಶ ಅಟ್ಟ ನೋಡಿದ. ಹೌದೆಂದರೆ ಅವರು ಅಲ್ಲಿಂದಲೇ ಅಳಿಸುತ್ತಾರೆ, ನನಗೆ ಗೊತ್ತು. ಹನ್ನೊಂದು ಹಾಡಿನಲ್ಲಿ ಅದೇ ಅತ್ಯಂತ ನಿಜವಾದ ಅರ್ಧ ನಿಮಿಷ, ಅದೂ ನನಗೆ ಗೊತ್ತು.

“ಇಲ್ಲಣ್ಣ. ತಂತಿ ಎಳೆದಿದ್ದೆ, ಅಷ್ಟೇ.”

“ಸರಿ ಹಂಗಾದ್ರೆ” ಎಂದು ಸುರುಳಿ ತೆಗೆದು ಡಬ್ಬಿಗೆ ಹಾಕಿದರು.

ಹಳೆಯ ಭಕ್ತಿಗೀತೆಯ ದಿನಗಳಲ್ಲಿ ಕ್ಯಾಸೆಟ್ ಪ್ರತಿ ಮಾಡುತ್ತಿದ್ದ ಎರಡು ಬಾಯಿಯ ಡೆಕ್ಕು ಅವರ ಹತ್ತಿರ ಇತ್ತು. ಅವರೇ ಕೂತು ಪ್ರತಿ ಮಾಡಿಕೊಟ್ಟರು. ಹೊದಿಕೆ ಜೆರಾಕ್ಸು. ಅದರ ಹಿಂಬದಿಯಲ್ಲಿ ಧ್ವನಿಮುದ್ರಣ ಎಂದು ಅವರ ಅಂಗಡಿಯ ಹೆಸರು. ಒಂದನ್ನು ಅಂಗಡಿಯಲ್ಲಿ ದೇವರ ಪಟದ ಕೆಳಗೆ ಇಟ್ಟುಕೊಂಡರು. ಹಾಡುಗಳನ್ನು ಇಂಟರ್‌ನೆಟ್ಟಿಗೂ ಹಾಕಿದೆವು. ದೊಡ್ಡ ಹೆಸರೇನೂ ಆಗಲಿಲ್ಲ, ಆಗುವುದೂ ಬೇಡವಾಗಿತ್ತು. ಆದರೆ ಎಲ್ಲೆಲ್ಲಿಂದಲೋ ಪತ್ರ ಬಂತು. ಪೋಲೆಂಡಿನವನೊಬ್ಬ ಆ ಗಡಗಡ ಶಬ್ದ ಯಾವ ವಾದ್ಯದ್ದು ಎಂದು ಕೇಳಿದ್ದ. ತೆಂಗಿನಕಾಯಿ ಎಂದು ಬರೆದೆ, ನಂಬಲಿಲ್ಲ. ಬಹಳ ಜನ ಮೆಚ್ಚಿದ್ದು ಕೊನೆಯ ಕೂಗನ್ನು. ಮೈಕಣ್ಣನಿಗೆ ಪತ್ರ ಓದಿ ಹೇಳುವಾಗ ಅದನ್ನು ನುಂಗಿಕೊಂಡು, ಪದಗಳು ಸ್ಪಷ್ಟವಾಗಿವೆ ಎಂದು ಬರೆದಿದ್ದಾರೆ ಅಂದೆ.

“ಪೋಲೆಂಡ್ನೋರ್ಗೆ ಕನ್ನಡ ಬತ್ತೈತಾ?”

“ಇಲ್ಲ.”

“ಮತ್ತೆ ಸ್ಪಷ್ಟವಾಗೈತೆ ಅಂತ ಹೆಂಗ್ ಗೊತ್ತಾಯ್ತು?”

ಸುಳ್ಳು ಹೇಳುವವಳಿಗೆ ಅಷ್ಟಾದರೂ ಬುದ್ಧಿ ಇರಬೇಕಿತ್ತು.

ಎರಡು ತಿಂಗಳಿಗೆ ಬಯಲಾಯಿತು. ಊರಿನ ಇನ್ನೊಬ್ಬ ಮೈಕ್‌ಸೆಟ್‌ನವನು ಹಾಡನ್ನು ಮೊಬೈಲಿನಲ್ಲಿ ಹಿಡಿದುಕೊಂಡು, ಗಿರಾಕಿಗಳ ಮುಂದೆಯೇ ಅವರ ಅಂಗಡಿಗೆ ಬಂದು, “ಏನ್ ಮೈಕಣ್ಣ, ಕೂಗದ ಮೈಕು ಕೂಗಂಗಾಗೈತಲ್ಲ?” ಎಂದು ಕೊನೆಯ ಅರ್ಧ ನಿಮಿಷ ಹಾಕಿ ತೋರಿಸಿದನಂತೆ. ಅಲ್ಲಿದ್ದವರು ಕಿವಿ ಮುಚ್ಚಿಕೊಂಡರಂತೆ. ಇವರಿಗೆ ಕೇಳಿಸಿದ್ದು ಏನೂ ಇಲ್ಲ. ಎಲ್ಲರ ಮುಖ ನೋಡಿ, ತಾವೂ ನಕ್ಕು, ಅವನನ್ನು ಕಳಿಸಿದರಂತೆ.

ಮಾರನೆಯ ದಿನ ನಮ್ಮ ಕಚೇರಿಗೆ ಬಂದರು. ಒಳಗೆ ಬಂದು ಕೂಗಿದ್ದರೆ ನಾನೇ ಎದ್ದು ಹೋಗುತ್ತಿದ್ದೆ. ಹಾಗೆ ಮಾಡಲಿಲ್ಲ, ಸಾಲಿನಲ್ಲಿ ನಿಂತರು. ಅವರ ಮುಂದೆ ಒಂಬತ್ತು ಜನ. ಒಬ್ಬೊಬ್ಬರ ಕಾಗದ ನೋಡುತ್ತ ನೋಡುತ್ತ ಅವರು ಹತ್ತಿರ ಬರುವುದನ್ನು ನಾನು ಕಿಟಕಿಯಿಂದ ಕಂಡೆ. ಕೊನೆಗೆ ಬಂದು ಎರಡೂ ಕೈಯನ್ನು ಕಟ್ಟೆಯ ಮೇಲಿಟ್ಟು ನಿಂತರು.

“ಕೂಗ್ತಾ?”

ನನ್ನ ಬಾಯಿಗೆ ಬಂದದ್ದು ದಿನವೂ ಹೇಳುವ ಆ ಎರಡೇ ಮಾತು. ತಡೆದುಕೊಂಡೆ.

“ಕೂಗ್ತು ಅಣ್ಣ.”

“ಎಷ್ಟೊತ್ತು?”

“ಅರ್ಧ ನಿಮಿಷ.”

ತಲೆಯಾಡಿಸಿ, ಹಿಂದಿನವರಿಗೆ ಜಾಗ ಬಿಟ್ಟು ಹೊರಟುಹೋದರು. ನನಗೆ ಬದುಕಿನಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಅವರ ಹಿಂದೆ ನಿಂತಿದ್ದ ಹೆಂಗಸು ನನ್ನ ಮುಖ ನೋಡಿ, ಕೇಳದೆಯೇ “ನಾಳೆ ಬರ್ಲೇನಮ್ಮ?” ಎಂದಳು. ಅವಳ ಕೆಲಸವನ್ನು ಆಗಲೇ ಮಾಡಿಕೊಟ್ಟೆ.

ಐದೂವರೆಗೆ ಅಂಗಡಿಗೆ ಓಡಿದೆ. ಸ್ಪೂಲ್ ಯಂತ್ರಕ್ಕೆ ನಮ್ಮ ಸುರುಳಿಯನ್ನು ಹಾಕಿ, ವೇಗವನ್ನು ಅರ್ಧಕ್ಕೆ ಇಳಿಸಿ ಕುಳಿತಿದ್ದರು. ನನ್ನ ದನಿ ಎಮ್ಮೆಯ ದನಿಯಾಗಿತ್ತು. ಗಿರೀಶನ ಅವಸರವೆಲ್ಲ ಹೆಣದ ಮುಂದಿನ ತಮಟೆಯ ಹಾಗೆ ಕೇಳುತ್ತಿತ್ತು. ನನಗೆ ಅರ್ಥವಾಯಿತು. ವೇಗ ಅರ್ಧವಾದರೆ ದನಿಯೂ ಕೆಳಗಿಳಿಯುತ್ತದೆ, ಎಟುಕದಷ್ಟು ಮೇಲಿದ್ದದ್ದು ಅವರ ಕಿವಿಯ ಮಟ್ಟಕ್ಕೆ ಬರುತ್ತದೆ. ಹಾಡು ಮುಗಿಯಿತು. ಕೂಗು ಬಂತು, ನಿಧಾನವಾಗಿ, ದೂರದ ರೈಲಿನ ಹಾಗೆ. ಅವರ ಹುಬ್ಬು ಮೇಲೆದ್ದಿತು. ಕೇಳಿಸಿತ್ತು. ಹಿಂದಕ್ಕೆ ತಿರುಗಿಸಿ ಮೂರು ಸಲ ಕೇಳಿದರು.

“ಒಳ್ಳೆ ಕೂಗು” ಎಂದರು. “ಇದನ್ನ ತೆಗೀ ಅಂತ ನಾನೂ ಅಂತಿರ್ಲಿಲ್ವೇನೋ. ಹಾಕ್ಬೋದಾ ಅಂತ ಒಂದ್ ಮಾತು ಕೇಳಿದ್ರೆ.” ಯಂತ್ರ ಆರಿಸುತ್ತ ಹೇಳಿದರು, “ಕೂಗ್ಸಿದ್ದು ತಪ್ಪಲ್ಲಮ್ಮ. ನಾನ್ ಕೇಳ್ದಾಗ ಇಲ್ಲ ಅಂದೆಯಲ್ಲ, ಅದು.”

ಅತ್ತೆ. ಅತ್ತು ಮುಗಿಸಿ, ಗುಮಾಸ್ತೆಯ ಬುದ್ಧಿ ಎಲ್ಲಿ ಹೋಗುತ್ತದೆ, ಒಂದು ದಾರಿ ಹುಡುಕಿದೆ. ಹೊದಿಕೆಯನ್ನು ಹೊಸದಾಗಿ ಜೆರಾಕ್ಸ್ ಮಾಡಿಸೋಣ, ಕೊನೆಯ ಕೂಗನ್ನು ಧ್ವನಿಮುದ್ರಕರೇ ಬೇಕೆಂದು ಇಟ್ಟದ್ದು ಎಂದು ಬರೆಸೋಣ, ಯಾರೂ ತುಟಿ ಎರಡು ಮಾಡುವುದಿಲ್ಲ ಎಂದೆ.

“ಬ್ಯಾಡ. ಹಂಗ್ ಬರೆದ್ರೆ ನನ್ ಕಿವಿ ಐತೆ ಅಂತಾಯ್ತು. ಇಲ್ದಿದ್ದನ್ನ ಐತೆ ಅಂತ ಇನ್ನೆಷ್ಟು ದಿನ ಹೊತ್ಕೊಂಡ್ ತಿರಗ್ಲಿ?” ಎಂದು ಯಂತ್ರ ಮುಚ್ಚಿದರು. ಮೂರು ವಾರ ನನ್ನ ಫೋನು ತೆಗೆಯಲಿಲ್ಲ.

ಆ ಹೊತ್ತಿಗೆ ಲೋಕಿಯ ಮದುವೆ ಬಂತು. ಗೆಂಡೆಹಳ್ಳಿಯಲ್ಲಿ ಮನೆಯ ಮುಂದೆಯೇ ಶಾಮಿಯಾನ. ಮುಹೂರ್ತ ಮುಗಿದು ಹನ್ನೊಂದು ಗಂಟೆಗೆ ನಾವು ಎರಡು ಹಾಡು ಹಾಡುವುದೆಂದು ಲೋಕಿ ಹಟ ಹಿಡಿದಿದ್ದ. ಮೈಕು ಮೈಕಣ್ಣನದೇ. ನನಗಿಂತ ಮೊದಲೇ ಬಂದು ಎಲ್ಲ ಕಟ್ಟಿದ್ದರು, ನನ್ನ ಕಡೆ ನೋಡಿರಲಿಲ್ಲ.

ಆ ಮದುವೆಯ ದಿನದ ಮೇಲೆ ಒಂದೆರಡು ಮನೆಯವರು ಅವರನ್ನು ಕರೆಯುವುದು ಬಿಟ್ಟರು. ಉಳಿದವರು ಬಿಡಲಿಲ್ಲ, ಹೋದ ವರ್ಷದವರೆಗೂ ಸ್ಟೇಷನ್ ರಸ್ತೆಯ ಅಂಗಡಿಗೇ ಹೋಗಿ ದಿನ ಹೇಳಿ ಬಂದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆ ಬೆಳಗಿನದನ್ನು ಆಮೇಲೆ ಅಡ್ಡಿಯಿಲ್ಲದೆ ಹೇಳಬಹುದು.

ನಾವು ವಾದ್ಯ ಹಿಡಿದು ನಿಂತಾಗ ಮೈಕಣ್ಣ ವೇದಿಕೆ ಹತ್ತಿ ನನ್ನ ಕೈಯಿಂದ ಮೈಕು ತೆಗೆದುಕೊಂಡರು. ಜೀವಮಾನವೆಲ್ಲ ಬೇರೆಯವರ ಬಾಯಿಗೆ ಮೈಕು ಕೊಟ್ಟವರು. ಮೂರು ಊರಿನ ಹೆಸರು ಬಿಟ್ಟರೆ ಅವರು ಅದರಲ್ಲಿ ಬೇರೇನೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಎಲ್ರಿಗೂ ನಮಸ್ಕಾರ. ನಾನು ಈ ಊರಿಗೆ ಮೈಕ್ ಕಟ್ಟಕೆ ಬಂದಾಗ ಈ ಮದುಮಗನ ಅಪ್ಪಂಗೇ ಮದ್ವೆ ಆಗಿರ್ಲಿಲ್ಲ. ನನ್ ಮೈಕು ಕೂಗಲ್ಲ ಅಂತೀರಿ. ಈಗ ಕೂಗಿದ್ರೂ ನಂಗೆ ಕೇಳ್ಸಲ್ಲ. ಕಿವಿ ಹೋಗೈತೆ. ಕೈ ನೆಟ್ಟಗೈತೆ. ಅದ್ಕೇ ಒಂದು ಉಪಕಾರ ಮಾಡಿ. ಕೂಗಿದ್ರೆ ಕೈ ಎತ್ತಿ. ನಿಂತ್ರೆ ಇಳ್ಸಿ. ಇಷ್ಟೇ.”

ಲೋಕಿಯ ಸೋದರಮಾವ ಹಿಂದಿನಿಂದ “ಊಟಕ್ಕೂ ಕೈ ಎತ್ಬೋದಾ ಮೈಕಣ್ಣ?” ಎಂದ. ನಾಲ್ಕು ಜನ ನಕ್ಕರು. ಅವರು ಮೈಕನ್ನು ನನ್ನ ಕೈಗಿಟ್ಟು ಕೆಳಗಿಳಿದು, ಗುಂಡಿಗಳ ಮುಂದೆ ಕುಳಿತು ದನಿ ಏರಿಸಿದರು. ಮೈಕು ಕೂಗಿತು.

ಯಾರೂ ಕೈ ಎತ್ತಲಿಲ್ಲ. ಹಿರಿಯ ಮನುಷ್ಯ, ಕೈ ಎತ್ತಿದರೆ ಅವಮಾನ ಮಾಡಿದ ಹಾಗೆ ಎಂದು ಸಂಕೋಚ. ಮುಖ ಹಿಂಡಿಕೊಂಡು ಸುಮ್ಮನೆ ಕುಳಿತಿದ್ದರು. ಮೈಕಣ್ಣ ಜನರ ಕಡೆ ನೋಡಿದರು, ಆಮೇಲೆ ಮೂರು ವಾರದಲ್ಲಿ ಮೊದಲ ಸಲ ನನ್ನ ಕಡೆ ನೋಡಿದರು. ನಾನು ಬಲಗೈಯನ್ನು ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟು ಎತ್ತಿದೆ. ನನ್ನ ಹಿಂದೆ ಬಾಸಿಂಗ ಕಟ್ಟಿಕೊಂಡೇ ಪಿಟೀಲು ಹಿಡಿದಿದ್ದ ಲೋಕಿ ಕೈ ಎತ್ತಿದ. ಮದುಮಗಳು ಎತ್ತಿದಳು. ಆಮೇಲೆ ಸಾಲು ಸಾಲಾಗಿ, ಕೊನೆಯ ಸಾಲಿನವರೆಗೂ ಎಲ್ಲರೂ ಎತ್ತಿದರು.

ಅವರು ಗುಂಡಿಯನ್ನು ಮೆಲ್ಲಗೆ ತಿರುಗಿಸಿದರು. ಕೂಗು ತೆಳುವಾಯಿತು. ಅಲ್ಲೊಂದು ಇಲ್ಲೊಂದು ಕೈ ಇಳಿಯಿತು. ಇನ್ನೊಂದಿಷ್ಟು ತಿರುಗಿಸಿದರು. ನನಗೆ ಕೇಳುವುದು ನಿಂತಿತು, ಕೈ ಇಳಿಸಿದೆ. ಎಲ್ಲರದೂ ಇಳಿಯಿತು, ಒಂದನ್ನು ಬಿಟ್ಟು. ಮೊದಲ ಸಾಲಿನಲ್ಲಿ ಲೋಕಿಯ ಅಜ್ಜಿ, ಬಳೆ ಮೊಣಕೈಗೆ ಜಾರಿದ್ದರೂ, ಕೈಯನ್ನು ನೆಟ್ಟಗೆ ಎತ್ತಿಕೊಂಡೇ ಕುಳಿತಿದ್ದಳು. ಯಾರೋ “ನಿಂತೋಯ್ತು ಇಳ್ಸಜ್ಜಿ” ಎಂದರು. ಅವಳು ಇಳಿಸಲಿಲ್ಲ.

“ಅಜ್ಜಿ, ಇನ್ನೂ ಐತಾ?” ಎಂದರು ಮೈಕಣ್ಣ.

“ಸಣ್ಣಕೈತೆ ಕಣಪ್ಪ.”

ಅವರು ನನ್ನನ್ನು ನೋಡಿದರು. ಕಣ್ಣು ಮುಚ್ಚಿ ಕೇಳಿದೆ. ಇತ್ತು, ಎಲ್ಲದರ ಹಿಂದೆ, ಕೂದಲೆಳೆಯಷ್ಟು.

“ಹೌದಣ್ಣ, ಐತೆ” ಎಂದೆ.

ಅವರು ಗುಂಡಿಯನ್ನು ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿ, ಅಜ್ಜಿಯ ಕೈಯನ್ನೇ ನೋಡುತ್ತ ಕುಳಿತರು. ಇನ್ನೂರು ಜನ ಕಾದರು. ಅಜ್ಜಿ ಕೈ ಇಳಿಸಿದಳು.